ಮೊದಲು ನಿಮ್ಮ ಕೈ ರಸ್ತೆ ಮೇಲಿಡಿ ಸಾರ್

2024ರ ಏಪ್ರಿಲ್ ತಿಂಗಳನ್ನು ಬೆಂಗಳೂರಿನವರು ಅಷ್ಟು ಬೇಗ ಮರೆಯಲಿಕ್ಕಿಲ್ಲ. ಬೋರ್‌ವೆಲ್‌ಗಳು ಬತ್ತಿದ್ದವು, ಟ್ಯಾಂಕರ್‌ಗೆ ಕಾಯಬೇಕಿತ್ತು, ತಿಂಗಳ ಕೊನೆಗೆ ಉಷ್ಣಾಂಶ 38 ಡಿಗ್ರಿ ದಾಟಿತ್ತು. ಆ ತಿಂಗಳ ಒಂದು ಬೆಳಿಗ್ಗೆ ನಾನು ನನ್ನ ನಾಯಿಯನ್ನು ಹೆಚ್ಚುಕಡಿಮೆ ಕೊಂದುಬಿಟ್ಟಿದ್ದೆ. ಹೊಡೆದಲ್ಲ, ಉಪವಾಸ ಕೆಡವಿ ಅಲ್ಲ. ಪ್ರೀತಿಯಿಂದ ವಾಕಿಂಗ್ ಕರ್ಕೊಂಡು ಹೋಗಿ.

ನಾಯಿ ಹೆಸರು ಗುಂಡ. ಲ್ಯಾಬ್ರಡಾರ್, ಐದು ವರ್ಷ, ಹೆಸರಿಗೆ ತಕ್ಕ ಮೈಕಟ್ಟು. ನಾನು ಸಾಫ್ಟ್‌ವೇರ್ ಎಂಜಿನಿಯರ್. ರಾತ್ರಿ ಅಮೆರಿಕದವರ ಜೊತೆ ಕಾಲ್ ಮುಗಿದು ಮಲಗುವಾಗ ಒಂದು ಗಂಟೆ. ಏಳೋದು ಒಂಬತ್ತಕ್ಕೆ, ಹತ್ತಕ್ಕೆ ಸ್ಟ್ಯಾಂಡ್‌ಅಪ್ ಮೀಟಿಂಗ್. ಅದು ಮುಗಿದ ಮೇಲೆ, ಹತ್ತೂವರೆಗೆ, ಗುಂಡನ ವಾಕಿಂಗ್. ನನ್ನ ಕ್ಯಾಲೆಂಡರ್‌ನಲ್ಲಿ ಖಾಲಿ ಇದ್ದ ಜಾಗ ಅದೊಂದೇ.

ಅವತ್ತು ಜೆ.ಪಿ. ನಗರದ ನಮ್ಮ ರಸ್ತೆಯ ತಿರುವಿನಲ್ಲಿ ಗುಂಡ ಕೂತುಬಿಟ್ಟ. ನಾಟಕ ಅಂದ್ಕೊಂಡು ಬೆಲ್ಟ್ ಎಳೆದೆ. ನಾಲ್ಕು ಹೆಜ್ಜೆ ಬಂದು ಮತ್ತೆ ಕೂತ. ಮತ್ತೆ ಎಳೆದೆ. ಮೂರನೇ ಸಲ ಅವನು ಕೂರಲಿಲ್ಲ, ಬಿದ್ದ. ಬಾಯಿಂದ ಅಂಟಂಟು ಜೊಲ್ಲು, ನಾಲಿಗೆ ಕಡುಕೆಂಪು, ಕಣ್ಣು ಎಲ್ಲೋ ನೋಡುತ್ತಿತ್ತು.

ಎದುರು ಅಪಾರ್ಟ್‌ಮೆಂಟಿನ ಗೇಟಿನಿಂದ ಒಬ್ಬರು ಓಡಿ ಬಂದರು. ಐವತ್ತರ ಆಸುಪಾಸು, ಹೆಗಲ ಮೇಲೆ ಟವೆಲ್. ಮೂರು ನಾಲ್ಕು ನಾಯಿಗಳನ್ನು ಹಿಡಿದು ಓಡಾಡುವುದನ್ನು ಒಂದೆರಡು ಸಲ ನೋಡಿದ್ದೆ, ಮಾತಾಡಿಸಿರಲಿಲ್ಲ. ಗುಂಡನನ್ನು ಎತ್ತಿ ಹೊಂಗೆ ಮರದ ನೆರಳಿಗೆ ಹಾಕಿ, ‘ನೀರು ತನ್ನಿ, ಯಾರಾದ್ರೂ ನೀರು ತನ್ನಿ’ ಅಂತ ಕೂಗಿದರು. ಪಕ್ಕದ ಮನೆಯ ಆಂಟಿ ಡ್ರಮ್ಮಿನಲ್ಲಿ ಹಿಡಿದಿಟ್ಟಿದ್ದ ನೀರನ್ನು ಬಕೆಟ್ಟಿಗೆ ತುಂಬಿ ತಂದುಕೊಟ್ಟರು. ಆ ದಿನಗಳಲ್ಲಿ ಒಂದು ಬಕೆಟ್ ನೀರು ಕೊಡೋದು ಅಂದ್ರೆ ಏನು ಅಂತ ಅನುಭವಿಸಿದವರಿಗೇ ಗೊತ್ತು.

ನಾನು ಗಾಬರಿಯಲ್ಲಿ ಗುಂಡನ ಬಾಯಿ ತೆರೆದು ನೀರು ಹಾಕಲು ಹೋದೆ. ಅವರು ನನ್ನ ಕೈ ಹಿಡಿದರು. ‘ಬಾಯಿಗೆ ಹುಯ್ಬೇಡಿ ಸಾರ್. ಎಚ್ಚರ ಇಲ್ದಾಗ ಹುಯ್ದ್ರೆ ನೀರು ಉಸಿರಿನ ಕೊಳವೆಗೆ ಹೋಗುತ್ತೆ. ಮೈ ಮೇಲೆ ಹುಯ್ಯಿ. ಹೊಟ್ಟೆ, ತೊಡೆ ಸಂದಿ, ಕತ್ತು.’ ಅವರು ನೀರು ಸುರಿದರು, ನಾನು ರಟ್ಟಿನ ಡಬ್ಬದ ಮುಚ್ಚಳದಲ್ಲಿ ಗಾಳಿ ಬೀಸಿದೆ. ಉಸಿರು ಸ್ವಲ್ಪ ಹತೋಟಿಗೆ ಬಂದಮೇಲೆ ಆಟೊ ಹತ್ತಿಸಿದೆವು. ದಾರಿಯುದ್ದಕ್ಕೂ ಟವೆಲ್ ಒದ್ದೆ ಮಾಡಿ ಅವನ ಮೈ ಒರೆಸುತ್ತಲೇ ಇದ್ದರು.

ಕ್ಲಿನಿಕ್ಕಿನಲ್ಲಿ ಥರ್ಮಾಮೀಟರ್ 106 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು. ನಾಯಿಗೆ ಸಹಜ ಅಂದರೆ 101ರಿಂದ 102.5. ‘ಮೈ ತಣ್ಣಗೆ ಮಾಡದೆ ಹಾಗೇ ತಂದಿದ್ರೆ ಉಳೀತಿರ್ಲಿಲ್ಲ’ ಅಂದರು ಡಾಕ್ಟರ್. ಎರಡು ದಿನ ಡ್ರಿಪ್ ಹಾಕಿದರು. ಗುಂಡ ಉಳಿದ.

ಮೂರನೇ ದಿನ ಅವರನ್ನು ಹುಡುಕಿಕೊಂಡು ಹೋಗಿ ಥ್ಯಾಂಕ್ಸ್ ಹೇಳಿದೆ. ಅದನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಹತ್ತೂವರೆ ಆಗೋವರೆಗೆ ಕಾಯಿಸಿ, ಅದೇ ತಿರುವಿಗೆ ಕರ್ಕೊಂಡು ಹೋಗಿ, ‘ಮೊದಲು ನಿಮ್ಮ ಕೈ ರಸ್ತೆ ಮೇಲಿಡಿ ಸಾರ್. ಅಂಗೈ ಅಲ್ಲ, ಹಿಂಭಾಗ. ಏಳು ಎಣಿಸಿ’ ಅಂದರು. ಮೂರಕ್ಕೇ ಕೈ ಎಳೆದುಕೊಂಡೆ. ‘ನೀವು ಶೂ ಹಾಕಿದ್ರಿ. ಅದು ಬರಿಗಾಲಲ್ಲಿತ್ತು’ ಅಂದರು, ಅಷ್ಟೇ.

ಅವತ್ತಿನಿಂದ ಗುಂಡನ ವಾಕಿಂಗ್ ಅವರದ್ದು. ಊರು ಮಳವಳ್ಳಿ ಕಡೆ, ಮೊದಲು ಆಟೊ ಓಡಿಸುತ್ತಿದ್ದರಂತೆ. ನಮ್ಮ ಬೀದಿ ಮಕ್ಕಳಿಗೆಲ್ಲ ಅವರು ‘ನಾಯಿ ಅಣ್ಣ’, ನನಗೆ ಬರೀ ಅಣ್ಣ. ಒಂದು ವರ್ಷ ಅವರ ಹಿಂದೆ ಮುಂದೆ ಓಡಾಡಿ ಕಲಿತದ್ದನ್ನು ಕಾಲದ ಪ್ರಕಾರ ಇಲ್ಲಿ ಬರೆಯುತ್ತಿದ್ದೇನೆ. ಕಾಯಿಲೆ, ಔಷಧಿ ವಿಷಯಗಳು ಮಾತ್ರ ನಮ್ಮ ನಾಯಿ ಡಾಕ್ಟರ್ ಹೇಳಿದ್ದು.

ಬೇಸಿಗೆ: ನೆರಳು ನೋಡಿ ದಾರಿ ಹಿಡಿಯಿರಿ

ನಮಗೆ ಸೆಕೆಯಾದರೆ ಮೈಯೆಲ್ಲ ಬೆವರುತ್ತದೆ. ನಾಯಿಗೆ ಆ ಸೌಕರ್ಯ ಇಲ್ಲ. ಅಂಗಾಲಿನಲ್ಲಿ ಸ್ವಲ್ಪ ಬೆವರುತ್ತದೆ, ಅಷ್ಟೇ. ಮೈ ಬಿಸಿ ಇಳಿಸಿಕೊಳ್ಳಲು ನಾಲಿಗೆ ಚಾಚಿ ತೇಕಬೇಕು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದೂ ಸರಿಯಾಗಿ ಕೆಲಸ ಮಾಡಲ್ಲ. ಹಾಗಾಗಿ ಮಳೆ ಬರೋ ಮುಂಚೆ ಮೋಡ ಕವಿದು ಧಗೆ ಹತ್ತುತ್ತದಲ್ಲ, ಆ ಹೊತ್ತೂ ಅಪಾಯವೇ. ಬಿಸಿಲಿಲ್ಲ ಅಂತ ಮೋಸ ಹೋಗಬೇಡಿ.

ಅಣ್ಣ ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆ ಏಳರೊಳಗೆ ಎಲ್ಲ ನಾಯಿಗಳ ವಾಕಿಂಗ್ ಮುಗಿಸುತ್ತಾರೆ. ಸಂಜೆ ಏಳರ ಮೇಲೆ ಹೊರಡುತ್ತಾರೆ. ಆಗಲೂ ಮೊದಲು ಕೈ ಇಟ್ಟು ನೋಡುತ್ತಾರೆ, ಯಾಕೆಂದರೆ ಸೂರ್ಯ ಮುಳುಗಿದರೂ ಡಾಂಬರು, ಕಾಂಕ್ರೀಟು ತುಂಬಾ ಹೊತ್ತು ಬಿಸಿ ಹಿಡಿದಿಟ್ಟುಕೊಂಡಿರುತ್ತವೆ. ಅವರ ದಾರಿ ಗೂಗಲ್ ಮ್ಯಾಪಿನದ್ದಲ್ಲ, ಮರಗಳದ್ದು. ಯಾವ ಕ್ರಾಸಿನಲ್ಲಿ ಹೊಂಗೆ ಸಾಲಿದೆ, ಯಾವ ಪಾರ್ಕಿನ ಪಕ್ಕ ಮಣ್ಣಿನ ದಾರಿ ಉಳಿದಿದೆ ಅನ್ನೋದು ಅವರಿಗೆ ಬಾಯಿಪಾಠ.

ಪಗ್, ಶಿಟ್ಜು ಥರದ ಚಪ್ಪಟೆ ಮೂಗಿನ ನಾಯಿಗಳಿಗೆ ಉಸಿರಾಟವೇ ಕಷ್ಟ, ಅವುಗಳ ವಾಕಿಂಗ್ ಬೇಸಿಗೆಯಲ್ಲಿ ಹತ್ತು ನಿಮಿಷ ಸಾಕು. ಹಸ್ಕಿಯಂಥ ದಟ್ಟ ಕೂದಲಿನ ನಾಯಿಗೆ ಸೆಕೆ ಅಂತ ಪೂರ್ತಿ ಬೋಳಿಸಬೇಡಿ. ಆ ಕೂದಲು ಬಿಸಿಲನ್ನೂ ತಡೆಯುತ್ತದೆ. ಬಾಚಿ, ಉದುರುವ ಕೂದಲು ತೆಗೆದರೆ ಸಾಕು. ಐದು ನಿಮಿಷಕ್ಕೇ ಆದರೂ ನಿಂತ ಕಾರಿನಲ್ಲಿ ಬಿಟ್ಟು ಹೋಗಬೇಡಿ. ಕಿಟಕಿ ಸ್ವಲ್ಪ ಇಳಿಸಿದ್ದೀನಿ ಅನ್ನೋದು ಸಮಾಧಾನಕ್ಕಷ್ಟೇ, ಒಳಗಿನ ಬಿಸಿ ಏರುತ್ತಲೇ ಇರುತ್ತದೆ.

ಇನ್ನೊಂದು, ಮಾವಿನ ಕಾಲದ ಎಚ್ಚರಿಕೆ. ಹಣ್ಣಿನ ತಿರುಳು ಎರಡು ತುಂಡು ಕೊಟ್ಟರೆ ತೊಂದರೆಯಿಲ್ಲ. ವಾಟೆ ಮಾತ್ರ ಕೈಗೆ ಸಿಗದ ಹಾಗೆ ಎಸೆಯಿರಿ. ಅಣ್ಣನ ಲಿಸ್ಟಿನಲ್ಲಿರುವ ಒಂದು ನಾಯಿ ವಾಟೆ ನುಂಗಿ, ಕರುಳಿನಲ್ಲಿ ಸಿಕ್ಕಿಕೊಂಡು, ಆಪರೇಷನ್ ಮಾಡಿಸಬೇಕಾಯಿತು.

ಕೂತರೆ ಎಳೆಯಬೇಡಿ. ಇದು ನನ್ನ ಮಾತು. ನಾಯಿ ನಡೆಯಲ್ಲ ಅಂತ ಕೂತರೆ ಅದಕ್ಕೊಂದು ಕಾರಣ ಇರುತ್ತದೆ.

ಮಳೆಗಾಲ: ಬೆರಳ ಸಂದಿ ನೋಡಿ

ಜೂನ್ ಬಂತು. ನಾನು ಗುಂಡನಿಗೆ 1,200 ರೂಪಾಯಿಯ ಹಳದಿ ರೇನ್‌ಕೋಟ್ ತರಿಸಿದೆ. ಅಣ್ಣ ಅದನ್ನು ತಿರುಗಿಸಿ ನೋಡಿ, ‘ಚೆನ್ನಾಗದೆ ಸಾರ್. ಆದ್ರೆ ಮಳೇಲಿ ನೆನೆಯೋದು ನಾಯಿಗೆ ತೊಂದ್ರೆ ಅಲ್ಲ. ನೆಂದ್ಮೇಲೆ ಒಣಗಿಸ್ದೇ ಇರೋದು ತೊಂದ್ರೆ’ ಅಂದು ನಕ್ಕರು.

ಮನೆಗೆ ಬಂದ ತಕ್ಷಣ ನಾಲ್ಕೂ ಪಾದ ತೊಳೆದು, ಬೆರಳು ಬೆರಳಿನ ಮಧ್ಯೆ ಬಟ್ಟೆ ಹಾಕಿ ಒರೆಸುವುದು ಅವರ ಕ್ರಮ. ಅಲ್ಲಿ ಒದ್ದೆ ನಿಂತರೆ ಕೆಂಪಾಗಿ, ಫಂಗಸ್ ಹಿಡಿದು, ನಾಯಿ ದಿನವಿಡೀ ನೆಕ್ಕುತ್ತಾ ಕೂರುತ್ತದೆ. ಜೋಲು ಕಿವಿಯ ನಾಯಿಯಾದರೆ ಕಿವಿ ಮಡಚಿ ಒಳಗೆ ಮೂಸಿ ನೋಡಿ. ಹುಳಿ ವಾಸನೆ ಬಂದರೆ, ತಲೆ ಕೊಡವುತ್ತಿದ್ದರೆ ಡಾಕ್ಟರ್ ಹತ್ತಿರ ಹೋಗಬೇಕು. ಕಡ್ಡಿ ಹಾಕಿ ಕೆದಕಬಾರದು.

ರಸ್ತೆಯಲ್ಲಿ ನಿಂತ ನೀರು ಕುಡಿಯಲು ಬಿಡಬೇಡಿ. ಇಲಿ ಮೂತ್ರ ಸೇರಿದ ನೀರಿನಿಂದ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿ ಜ್ವರ ಬರುತ್ತದೆ. ಅದು ನಾಯಿಯಿಂದ ನಮಗೂ ಹರಡಬಲ್ಲದು. ಇದಕ್ಕೆ ಲಸಿಕೆ ಇದೆ, ವರ್ಷಕ್ಕೊಮ್ಮೆ ಹಾಕಿಸಬೇಕು. ರೇಬಿಸ್ ಲಸಿಕೆಯ ತಾರೀಕು ನೆನಪಿರುತ್ತದೆ, ಇದರದ್ದು ಎಷ್ಟೋ ಜನ ಮರೆಯುತ್ತಾರೆ. ಮಳೆಗಾಲಕ್ಕೆ ಮುಂಚೆಯೇ ಪುಸ್ತಕ ತೆಗೆದು ನೋಡಿ.

ಮಳೆ ಬಿದ್ದ ರಾತ್ರಿ ಮೈಯೆಲ್ಲ ಗಂಟಿರುವ ನೆಲಗಪ್ಪೆಗಳು ಹೊರಗೆ ಬರುತ್ತವೆ. ನಾಯಿ ಅದನ್ನು ಕಚ್ಚಿದರೆ ಬಾಯಲ್ಲಿ ನೊರೆ ಸುರಿಸುತ್ತದೆ. ತಕ್ಷಣ ಬಾಯಿಯನ್ನು ನೀರಿನಿಂದ ತೊಳೆಯಿರಿ, ತಲೆ ತಗ್ಗಿಸಿ ಹಿಡಿದರೆ ನೀರು ಹೊರಗೆ ಹೋಗುತ್ತದೆ. ಆಮೇಲೆ ಡಾಕ್ಟರಿಗೆ ಫೋನ್ ಮಾಡಿ.

ಬೆಂಗಳೂರಿನವರಿಗೇ ಹೇಳಬೇಕಾದ್ದು ಇನ್ನೊಂದಿದೆ: ಲೈಟ್ ಕಂಬ. ಗಂಡುನಾಯಿಗೆ ಕಂಬ ಕಂಡರೆ ಕಾಲೆತ್ತುವ ಚಟ. ಒದ್ದೆ ನೆಲ, ಕಂಬದಿಂದ ಜೋತುಬಿದ್ದ ವೈರು ಎರಡೂ ಸೇರಿದರೆ ನಾಯಿಗೂ ಬೆಲ್ಟ್ ಹಿಡಿದವರಿಗೂ ಅಪಾಯ. ಮಳೆಗಾಲದಲ್ಲಿ ಅಣ್ಣ ಕಂಬ ಇರುವ ಕಡೆ ಬಿಟ್ಟು ರಸ್ತೆಯ ಇನ್ನೊಂದು ಬದಿಯಲ್ಲೇ ನಡೆಯುತ್ತಾರೆ.

ಇಲ್ಲಿ ನನ್ನದೊಂದು ತಪ್ಪನ್ನೂ ಬರೆಯಬೇಕು. ಜುಲೈನಲ್ಲಿ ಎಂಟು ದಿನ ಮಳೆ ಜೋರಿತ್ತು ಅಂತ ‘ಇವತ್ತು ಬೇಡ ಅಣ್ಣ’ ಅಂತ ಮೆಸೇಜ್ ಹಾಕಿದ್ದೆ. ತಿಂಗಳ ಕೊನೆಗೆ ಆ ಎಂಟು ದಿನದ ದುಡ್ಡು ಮುರಿದುಕೊಂಡೆ. ಅವರು ಏನೂ ಅನ್ನಲಿಲ್ಲ. ಆಮೇಲೆ ಮಾತಿನ ಮಧ್ಯೆ ಗೊತ್ತಾಯಿತು, ಮಳೆ ಬಂದರೆ ಅರ್ಧಕ್ಕರ್ಧ ಮನೆಯವರು ಹೀಗೇ ಮಾಡುತ್ತಾರಂತೆ. ‘ನಾಯಿಗೆ ಮಳೆಗಾಲ ಪರ್ವಾಗಿಲ್ಲ ಸಾರ್, ನಮ್ಗೇ ಕಷ್ಟ’ ಅಂದರು. ನಾಯಿಗೆ 1,200ರ ರೇನ್‌ಕೋಟ್ ಕೊಡಿಸಿದವನಿಗೆ ಅವರ ಟವೆಲ್ ಒಂದೇ ಛತ್ರಿ ಅನ್ನೋದು ಕಂಡಿರಲಿಲ್ಲ. ನಾನು ರಜೆ ಹಾಕಿದರೆ ನನ್ನ ಸಂಬಳ ಕಟ್ ಆಗಲ್ಲ. ಆಗಸ್ಟ್‌ನಿಂದ ಅವರಿಗೂ ಆಗುತ್ತಿಲ್ಲ.

ಮಳೆ ಬಿಡುವ ಹೊತ್ತು: ಬೇಕರಿ ಮುಂದೆ ನಿಲ್ಲಲಿಲ್ಲ

ಸೆಪ್ಟೆಂಬರ್‌ನ ಒಂದು ಬೆಳಿಗ್ಗೆ ಅಣ್ಣ ಬಾಗಿಲು ತಟ್ಟಿ ನನ್ನನ್ನು ಎಬ್ಬಿಸಿದರು. ‘ಸಾರ್, ಇವ್ನು ಇವತ್ತು ಬೇಕರಿ ಮುಂದೆ ನಿಲ್ಲಲಿಲ್ಲ.’

ನಮ್ಮ ರಸ್ತೆಯ ಅಯ್ಯಂಗಾರ್ ಬೇಕರಿ ಮುಂದೆ ಗುಂಡ ದಿನಾ ನಿಂತು, ಒಂದು ತುಂಡು ರಸ್ಕ್ ಸಿಗುವವರೆಗೆ ಕದಲುವುದಿಲ್ಲ. ಅವತ್ತು ತಲೆ ಎತ್ತದೆ ದಾಟಿ ಹೋದನಂತೆ. ನನಗೆ ನಿದ್ದೆಗಣ್ಣು. ಗುಂಡನ ಕೊರಳಪಟ್ಟಿಗೆ ಒಂದು ಟ್ರ್ಯಾಕರ್ ಹಾಕಿದ್ದೆ, ಆ್ಯಪ್ ತೆರೆದು ನೋಡಿದೆ. ನಡೆದ ಹೆಜ್ಜೆ, ನಿದ್ದೆ ಎಲ್ಲ ಹಸಿರು. ‘ಎಲ್ಲ ಸರಿಯಾಗಿದೆ ಅಣ್ಣ’ ಅಂದೆ. ಅವರು ಆ್ಯಪ್ ನೋಡಲಿಲ್ಲ. ಗುಂಡನ ತುಟಿ ಎತ್ತಿ ವಸಡು ತೋರಿಸಿದರು. ದಿನಾ ಗುಲಾಬಿ ಬಣ್ಣ ಇರೋದು ಅವತ್ತು ಬಿಳಿಚಿಕೊಂಡಿತ್ತು. ಕಿವಿಯ ಮಡಿಕೆಯಲ್ಲಿ ಎರಡು ಉಣ್ಣಿ ಇದ್ದವು.

ರಕ್ತ ಪರೀಕ್ಷೆಯಲ್ಲಿ ಟಿಕ್ ಫೀವರ್ ಅಂತ ಬಂತು. ಪ್ಲೇಟ್‌ಲೆಟ್ ಇಳಿಯಲು ಶುರುವಾಗಿತ್ತು. ಬೇಗ ಬಂದಿದ್ದರಿಂದ ನಾಲ್ಕು ವಾರದ ಮಾತ್ರೆಯಲ್ಲೇ ಗುಣವಾಯಿತು. ತಡವಾಗಿದ್ದರೆ ಮೂಗಿನಲ್ಲಿ ರಕ್ತ ಬಂದು, ರಕ್ತ ಕೊಡಿಸುವ ಸ್ಥಿತಿಯೂ ಬರಬಹುದಿತ್ತು ಅಂದರು ಡಾಕ್ಟರ್. ಊಟ ಬಿಡುವುದು, ಮಂಕಾಗುವುದು, ಜ್ವರ, ವಸಡು ಬಿಳಿಚುವುದು, ಮೈ ಮೇಲೆ ಕೆಂಪು ಚುಕ್ಕಿ ಇವೆಲ್ಲ ಲಕ್ಷಣಗಳು. ಎರಡು ದಿನ ನೋಡೋಣ ಅಂತ ಕಾಯಬೇಡಿ. ಮನೆಯಲ್ಲಿರುವ ಜ್ವರದ, ನೋವಿನ ಮಾತ್ರೆಗಳನ್ನು ಕೊಡಲೇಬೇಡಿ, ನಮ್ಮ ಮಾತ್ರೆ ನಾಯಿಗೆ ವಿಷವಾಗಬಹುದು. ನಾಯಿ ಚುರುಕಾಯಿತು ಅಂತ ಕೋರ್ಸ್ ಮಧ್ಯದಲ್ಲಿ ನಿಲ್ಲಿಸಲೂಬೇಡಿ.

ಉಣ್ಣಿ ಕಂಡರೆ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು. ಬೆಂಕಿಕಡ್ಡಿ, ಸೀಮೆಎಣ್ಣೆ ಬೇಡ. ಬೆರಳಲ್ಲಿ ಹಿಚುಕುವುದೂ ಬೇಡ. ನಾಯಿ ಮೈ ಮೇಲೆ ಕಾಣುವುದು ಸ್ವಲ್ಪವೇ, ಉಳಿದವು ಮನೆಯಲ್ಲೇ ಇರುತ್ತವೆ. ಗೋಡೆ ಬಿರುಕು, ಸೋಫಾದ ಅಡಿ, ಬಾಗಿಲ ಸಂದಿಯಲ್ಲಿ ಒಂದೊಂದು ಉಣ್ಣಿ ಸಾವಿರಾರು ಮೊಟ್ಟೆ ಇಡುತ್ತದೆ. ಹಾಗಾಗಿ ನಾಯಿಗೆ ಡಾಕ್ಟರ್ ಬರೆದುಕೊಡುವ ಮಾತ್ರೆ ಅಥವಾ ಕತ್ತಿನ ಹಿಂದೆ ಹಾಕುವ ಔಷಧಿ, ಮನೆಗೆ ಕಸಬರಿಗೆ, ಎರಡೂ ಬೇಕು. ನಮ್ಮೂರಿನ ಹವೆಯಲ್ಲಿ ಉಣ್ಣಿಗೆ ರಜೆ ಇಲ್ಲ, ವರ್ಷವಿಡೀ ಔಷಧಿ ತಪ್ಪಿಸಬಾರದು.

ಅಣ್ಣ ಪ್ರತಿದಿನ ಹೊರಡುವ ಮುಂಚೆ ಲಿಫ್ಟಿನ ಮುಂದೆ ಅರ್ಧ ನಿಮಿಷ ನಿಲ್ಲುತ್ತಾರೆ. ಕಿವಿ, ವಸಡು, ಬೆರಳ ಸಂದಿ, ಹೊಟ್ಟೆ. ಬೆಲ್ಟ್ ಕಟ್ಟುತ್ತಾ ಕಟ್ಟುತ್ತಾ ಕೈ ಆಡಿಸಿಬಿಡುತ್ತಾರೆ. ಅದನ್ನು ನಾನು ಮುದ್ದು ಅಂದುಕೊಂಡಿದ್ದೆ. ‘ನಿನ್ನೆ ಹೆಂಗಿತ್ತು ಅಂತ ಗೊತ್ತಿದ್ರೆ ತಾನೇ ಇವತ್ತು ಏನು ಅಂತ ಗೊತ್ತಾಗೋದು?’ ಅಂದರು. ಆಫೀಸಿನಲ್ಲಿ ಇದಕ್ಕೆ ನಾವು ಬೇಸ್‌ಲೈನ್ ಅಂತೀವಿ.

ದೀಪಾವಳಿ: ಹತ್ತಿರ ಕೂತಿರಿ, ಸಾಕು

ಗಣೇಶನ ಮೆರವಣಿಗೆಯ ತಮಟೆಯಿಂದ ಶುರುವಾಗುವ ಸದ್ದು ದೀಪಾವಳಿಯಲ್ಲಿ ವಿಪರೀತಕ್ಕೆ ಹೋಗುತ್ತದೆ. ನಾಯಿಯ ಕಿವಿ ನಮ್ಮದಕ್ಕಿಂತ ಎಷ್ಟೋ ಸೂಕ್ಷ್ಮ. ಹಬ್ಬದ ಮೂರು ದಿನ ಅಣ್ಣ ಸಂಜೆಯ ವಾಕಿಂಗನ್ನು ಐದರೊಳಗೆ ಮುಗಿಸುತ್ತಾರೆ. ಕೊರಳಪಟ್ಟಿಯ ಜೊತೆ ಎದೆಗೆ ಹಾಕುವ ಹಾರ್ನೆಸ್ಸನ್ನೂ ಹಾಕುತ್ತಾರೆ, ಯಾಕೆಂದರೆ ಹೆದರಿದ ನಾಯಿ ಕೊರಳಪಟ್ಟಿಯಿಂದ ತಲೆ ಹಿಂದಕ್ಕೆಳೆದು ಓಡಿಬಿಡುತ್ತದೆ. ಪಟ್ಟಿಯ ಮೇಲೆ ನಿಮ್ಮ ಫೋನ್ ನಂಬರ್ ಇರಲಿ.

ಮನೆಯಲ್ಲಿ ಒಳಗಿನ ಒಂದು ರೂಮು ಸಿದ್ಧ ಮಾಡಿ. ಕಿಟಕಿ ಮುಚ್ಚಿ, ಪರದೆ ಎಳೆದು, ಫ್ಯಾನ್, ಟೀವಿ ಹಾಕಿಬಿಡಿ. ಮಂಚದ ಕೆಳಗೆ ಅವಿತರೆ ಎಳೆದು ಹೊರಗೆ ತರಬೇಡಿ, ಬೈಯಬೇಡಿ. ಪಕ್ಕದಲ್ಲಿ ಸುಮ್ಮನೆ ಕೂತಿರಿ. ತುಂಬಾ ಹೆದರುವ ನಾಯಿಯಾದರೆ ಒಂದೆರಡು ವಾರ ಮುಂಚೆಯೇ ಡಾಕ್ಟರನ್ನು ಕೇಳಿ, ಅದಕ್ಕೇ ಆದ ಔಷಧಿ ಇದೆ.

ಹಬ್ಬದ ತಿಂಡಿ ವಿಷಯದಲ್ಲಿ ಅಜ್ಜಿಯರಿಗೆ ಹೇಳೋದು ಕಷ್ಟ, ಆದರೂ ಹೇಳಿ. ಪಾಯಸ, ಲಾಡುಗಳಲ್ಲಿರುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದು. ಚಾಕೊಲೇಟ್, ಈರುಳ್ಳಿಯೂ ಬೇಡ. ನಮ್ಮಮ್ಮ ಈಗ ಗುಂಡನಿಗೆ ಅಂತ ಒಂದು ಸೌಟು ಸಪ್ಪೆ ಅನ್ನ, ಮೊಸರು ತೆಗೆದಿಡುತ್ತಾರೆ.

ಸಾಧ್ಯವಾದರೆ ಆ ಮೂರು ರಾತ್ರಿ ಪಾರ್ಕಿಂಗಿನ ಗೇಟು ಬೀದಿ ನಾಯಿಗಳಿಗೆ ತೆರೆದಿಡಿ. ನಮ್ಮ ಅಸೋಸಿಯೇಷನ್‌ನಲ್ಲಿ ಎರಡು ಮೀಟಿಂಗ್ ಜಗಳವಾಗಿ ಕೊನೆಗೆ ಒಪ್ಪಿದರು. ನಾಲ್ಕು ನಾಯಿ ಬಂದು ಮೂಲೆಯಲ್ಲಿ ಮುದುರಿಕೊಂಡು, ಬೆಳಗಾದ ಮೇಲೆ ಎದ್ದು ಹೋದವು.

ಚಳಿಗಾಲ: ಎರಡು ಬಡಿತ ಬಡಿದು ಕಾರು ಸ್ಟಾರ್ಟ್ ಮಾಡಿ

ಡಿಸೆಂಬರ್, ಜನವರಿಯಲ್ಲಿ ಅಣ್ಣ ಬೆಳಗಿನ ವಾಕಿಂಗನ್ನು ಏಳೂವರೆಗೆ ಮುಂದೂಡುತ್ತಾರೆ. ಎಳೆ ಬಿಸಿಲು ಮೈಗೆ ಬೀಳಲಿ ಅಂತ. ವಯಸ್ಸಾದ ನಾಯಿಗಳಿಗೆ ಚಳಿಯಲ್ಲಿ ಕೀಲು ಹಿಡಿದುಕೊಳ್ಳುತ್ತದೆ. ಏಳುವಾಗ ತಡಬಡಾಯಿಸಿದರೆ, ಮೆಟ್ಟಿಲ ಮುಂದೆ ನಿಂತು ಯೋಚಿಸಿದರೆ ಸೋಮಾರಿತನ ಅನ್ನಬೇಡಿ, ನೋವಿರಬಹುದು. ಮೊದಲ ಐದು ನಿಮಿಷ ನಿಧಾನವಾಗಿ ನಡೆಸಿ.

ಗ್ರಾನೈಟ್, ಟೈಲ್ಸ್ ಮೇಲೆ ಬರಿದೇ ಮಲಗಿಸಬೇಡಿ. ದುಬಾರಿ ಹಾಸಿಗೆ ಏನೂ ಬೇಕಿಲ್ಲ, ಗೋಣಿಚೀಲದ ಮೇಲೆ ಹಳೆ ಕಂಬಳಿ ಸಾಕು. ಬಾಗಲಕೋಟೆ ಸೀಮೆಯ ನಮ್ಮ ಮುಧೋಳ ನಾಯಿಯಂಥ ತೆಳು ಮೈಯವಕ್ಕೆ, ಗಿಡ್ಡ ಕೂದಲಿನವಕ್ಕೆ ಚಳಿ ಬೇಗ ತಾಗುತ್ತದೆ, ರಾತ್ರಿ ಸ್ವೆಟರ್ ಹಾಕಿದರೆ ತಪ್ಪಿಲ್ಲ. ಲ್ಯಾಬ್ರಡಾರಿಗೆ ಅದು ಫೋಟೊಕ್ಕಷ್ಟೇ. ಸ್ನಾನ ಬಿಸಿಲೇರಿದ ಮೇಲೆ ಮಾಡಿಸಿ, ಪೂರ್ತಿ ಒಣಗಿಸಿ. ಚಳಿಗೆ ನೀರು ಕುಡಿಯುವುದು ಕಡಿಮೆಯಾಗುತ್ತದೆ, ಬಟ್ಟಲು ಖಾಲಿಯಾಗುತ್ತಿದೆಯಾ ಗಮನಿಸಿ.

ಬೆಳಿಗ್ಗೆ ಕಾರು ತೆಗೆಯುವ ಮುಂಚೆ ಬಾನೆಟ್ ಮೇಲೆ ಎರಡು ಸಲ ಬಡಿದು, ಬಗ್ಗಿ ಕೆಳಗೆ ನೋಡಿ. ಬೆಚ್ಚಗಿರುತ್ತದೆ ಅಂತ ಮರಿಗಳು ಚಕ್ರದ ಹಿಂದೆ ಮಲಗಿರುತ್ತವೆ.

ಮತ್ತೆ ಮಾರ್ಚ್

ವರ್ಷ ತಿರುಗಿತು. ಈಗ ಭಾನುವಾರಗಳಲ್ಲಿ ಅಣ್ಣನಿಗೆ ರಜೆ. ಅವತ್ತು ನಾನೇ ಆರಕ್ಕೆ ಎದ್ದು ಗುಂಡನನ್ನು ಕರೆದೊಯ್ಯುತ್ತೇನೆ. ಲಿಫ್ಟಿನ ಮುಂದೆ ಅರ್ಧ ನಿಮಿಷ: ಕಿವಿ, ವಸಡು, ಬೆರಳ ಸಂದಿ, ಹೊಟ್ಟೆ. ಬೇಕರಿ ಮುಂದೆ ಗುಂಡ ನಿಂತರೆ ನನಗೆ ಸಮಾಧಾನ.

ಹೋದ ಮಾರ್ಚ್‌ನ ಒಂದು ಭಾನುವಾರ ತಿಂಡಿ ತರಲು ಹೊರಟಿದ್ದೆ. ಗಂಟೆ ಹತ್ತೂವರೆ. ಅದೇ ತಿರುವಿನಲ್ಲಿ ಒಬ್ಬ ಹುಡುಗ, ಕಿವಿಯಲ್ಲಿ ಇಯರ್‌ಬಡ್, ಒಂದು ಕಪ್ಪು ಪಗ್ಗನ್ನು ಎಳೆಯುತ್ತಿದ್ದ. ಪಗ್ ಕೂತಿತ್ತು. ‘ಬಾರೋ, ನಾಟಕ ಮಾಡ್ಬೇಡ’ ಅನ್ನುತ್ತಿದ್ದ.

ಹತ್ತಿರ ಹೋಗಿ ಭುಜ ತಟ್ಟಿದೆ. ಅವನು ಇಯರ್‌ಬಡ್ ತೆಗೆದು, ಏನು ಅನ್ನುವ ಹಾಗೆ ನೋಡಿದ.

‘ಒಂದ್ನಿಮಿಷ ಬ್ರೋ. ಮೊದಲು ನಿಮ್ಮ ಕೈ ರಸ್ತೆ ಮೇಲಿಡಿ’ ಅಂದೆ.